ಸಂಶೋಧನಾ ಪ್ರಬಂಧ: ಬಳಸುವ ಮುನ್ನ ಓದಿ

ಎಚ್ಚರಿಕೆ: ಈ ಸಾಧನವನ್ನು ನೀರಿನಲ್ಲಿ ಮುಳುಗಿಸಬಾರದು.

ಬೇರೆ ಊರಿನವರಿಗೆ ಇದು ಗ್ರೈಂಡರಿನ ಪೆಟ್ಟಿಗೆಯ ಮೇಲೆ ಯಾರೂ ಓದದ ಸಾಲು. ಚೆನ್ನೈಯ ವೇಳಚ್ಚೇರಿಯಲ್ಲಿ ಇರುವವರಿಗೆ ಹಾಗಲ್ಲ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದು ನಮ್ಮ ಬೀದಿ ಕೆರೆಯಾದಾಗ ನಾವು ಮೊದಲು ಮಹಡಿಗೆ ಸಾಗಿಸಿದ್ದು ಅಕ್ಕಿ ಮೂಟೆ, ಎರಡನೆಯದು ಗ್ಯಾಸ್ ಸಿಲಿಂಡರ್, ಮೂರನೆಯದು ಅಕ್ಕನ ಮಗಳ ಪಿಎಚ್.ಡಿ. ಕರಡು. “ಮಾವ, ಅದೆಲ್ಲ ಲ್ಯಾಪ್‌ಟಾಪಿನಲ್ಲಿದೆ, ಬಿಡಿ” ಅಂದಳು. ಲ್ಯಾಪ್‌ಟಾಪ್ ಎಲ್ಲಿ ಅಂದೆ. ಕೆಳಗೇ ಇತ್ತು.

ಈ ಕೈಪಿಡಿ ಬರೆಯಲು ನನಗಿರುವ ಅರ್ಹತೆ ಇಷ್ಟೇ. ಬ್ಯಾಂಕಿನ ವರ್ಗಾವಣೆಯ ಮೇಲೆ ಕುಂದಾಪುರದಿಂದ ಬಂದು ಇಲ್ಲೇ ಬೇರುಬಿಟ್ಟ ನನ್ನ ಮನೆಯಲ್ಲಿ ಸದ್ಯ ಪ್ರಬಂಧದ ಮೂರು ಮಾಡೆಲ್‌ಗಳು ಚಾಲ್ತಿಯಲ್ಲಿವೆ. ಅಕ್ಕನ ಮಗಳದು ಕಾನೂನು. ಮಗ ಎಂ.ಡಿ. ಮಾಡುತ್ತಿದ್ದಾನೆ, ಅವನದು ಆರೋಗ್ಯ ವಿಜ್ಞಾನ. ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ಶಿರಸಿಯ ಹುಡುಗನದು ಅನ್ವಯಿಕ ಗಣಿತ. ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಭರಣಿ ಇಡಲು ಜಾಗವಿಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಯಾವ ಮಾಡೆಲ್ ಆದರೂ ಸಾರಾಂಶ, ಪೀಠಿಕೆ, ತೀರ್ಮಾನ, ಮತ್ತು ‘ಈ ಬಗ್ಗೆ ಇನ್ನಷ್ಟು ಸಂಶೋಧನೆ ಆಗಬೇಕಿದೆ’ ಎಂಬ ವಾಕ್ಯ ಇರಬೇಕು. ಆ ವಾಕ್ಯ ಕಾಣದಿದ್ದರೆ ಸೀಲು ಒಡೆದ ಮಾಲು, ಅಂಗಡಿಗೆ ವಾಪಸ್ ಕೊಡಿ. ಕಾನೂನಿನ ಮಾಡೆಲ್‌ನಲ್ಲಿ ಅಡಿಟಿಪ್ಪಣಿಯೇ ಸಾರು, ಪಠ್ಯ ಅದರ ಮೇಲೆ ತೇಲುವ ಒಗ್ಗರಣೆ. ಆರೋಗ್ಯದ್ದರಲ್ಲಿ ಲೇಖಕರ ಪಟ್ಟಿ ಮದುವೆ ಕಾಗದದ ಕೊನೆಯಲ್ಲಿ ಬರುವ ‘ಸುಖಾಗಮನ ಬಯಸುವವರು’ ಪಟ್ಟಿಯಷ್ಟು ಉದ್ದ. ಗಣಿತದ್ದರಲ್ಲಿ ‘ಇದು ಸುಲಭವಾಗಿ ಕಾಣುತ್ತದೆ’ ಎಂದು ಬರೆದಿರುವ ಕಡೆ ಎರಡು ದಿನ ರಜೆ ಹಾಕಿ ಕುಳಿತುಕೊಳ್ಳಿ.

ಜೋಡಿಸುವುದು

ಪ್ರಬಂಧ ಜೋಡಿಸಿದ ಸ್ಥಿತಿಯಲ್ಲಿ ಹುಟ್ಟುವುದಿಲ್ಲ. ಅದನ್ನು ಇನ್ನೊಬ್ಬರಿಗೆ ಕಳಿಸಬೇಕು, ಅವರು ಅರ್ಥವಾಗಲಿಲ್ಲ ಎಂದು ತಿರುಗಿ ಕಳಿಸಬೇಕು. ಎಷ್ಟು ದೊಡ್ಡ ಕುಶಲಕರ್ಮಿಗೂ ಇದರಿಂದ ವಿನಾಯಿತಿ ಇಲ್ಲ.

ಶ್ರೀನಿವಾಸ ರಾಮಾನುಜನ್ ಬರ್ನೌಲಿ ಸಂಖ್ಯೆಗಳ ಬಗ್ಗೆ ಬರೆದ ಮೊದಲ ಪ್ರಬಂಧ 1911ರಲ್ಲಿ ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಆ ಪತ್ರಿಕೆಯ ಸಂಪಾದಕರು ಇದ್ದದ್ದು ನಮ್ಮ ಬೆಂಗಳೂರಿನಲ್ಲಿ: ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಎಂ.ಟಿ. ನಾರಾಯಣ ಅಯ್ಯಂಗಾರರು. ರಾಮಾನುಜನ್ ಹತ್ತು ಮೆಟ್ಟಿಲು ಹತ್ತಬೇಕಾದ ಕಡೆ ಎರಡೇ ಹೆಜ್ಜೆ ಹಾಕುವವರು. ಹಿಂದೆ ಬರುವವರು ಮುಗ್ಗರಿಸುತ್ತಾರೆ ಎಂಬ ಯೋಚನೆ ಅವರಿಗಿಲ್ಲ. ಅಯ್ಯಂಗಾರರು ಹಸ್ತಪ್ರತಿಯನ್ನು ತಿದ್ದಲು ಹೇಳಿ ತಿರುಗಿ ಕಳಿಸಿದರು, ಒಂದಲ್ಲ, ಹಲವು ಸಲ. ಮಹಾಪ್ರತಿಭೆಯನ್ನು ಗುರುತಿಸಿದವರು ಯಾರು ಎಂದರೆ ಎಲ್ಲರೂ ಕೇಂಬ್ರಿಜ್ಜಿನ ಹಾರ್ಡಿ ಎನ್ನುತ್ತಾರೆ. ಅದಕ್ಕೂ ಮೊದಲು ‘ಇದು ಓದುಗನಿಗೆ ಹತ್ತುವುದಿಲ್ಲ, ಬಿಡಿಸಿ ಬರೆಯಪ್ಪ’ ಎನ್ನುವ ತಾಳ್ಮೆ ತೋರಿದವರು ಬೆಂಗಳೂರಿನ ಒಬ್ಬ ಮೇಷ್ಟ್ರು. ನನ್ನ ಲೆಕ್ಕದಲ್ಲಿ ಎರಡನೆಯದೂ ಸಣ್ಣ ಕೆಲಸವಲ್ಲ.

1912ರಲ್ಲಿ ರಾಮಾನುಜನ್ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತ. ಮರುವರ್ಷ ಮದ್ರಾಸ್ ವಿಶ್ವವಿದ್ಯಾಲಯ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. ಆ ವೇತನಕ್ಕೆ ಎಂ.ಎ. ಬೇಕು, ಇವರು ಎಫ್.ಎ. ಕೂಡ ಪಾಸಾಗಿರಲಿಲ್ಲ. ಆ ನಿಯಮ ಸಡಿಲವಾಯಿತು. ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕೆಂಬ ಷರತ್ತು ಮಾತ್ರ ಸಡಿಲವಾಗಲಿಲ್ಲ, ಕೊಟ್ಟರು. ಆರು ತಿಂಗಳ ಪ್ರಗತಿ ವರದಿ ಬರೆಯುವಾಗಲೆಲ್ಲ ಗೊಣಗುವ ಅಕ್ಕನ ಮಗಳಿಗೆ ಇದನ್ನು ಹೇಳಿದೆ. “ಅವರಿಗೆ ಅಡಿಟಿಪ್ಪಣಿ ಇರಲಿಲ್ಲವಲ್ಲ ಮಾವ” ಅಂದಳು. ವಕೀಲರ ಹತ್ತಿರ ವಾದ ಮಾಡಬಾರದು.

ಚಾಲನೆ

ಸಾಧನ ‘ಇಲ್ಲ’ ಎಂದು ಹೇಳಿದರೆ ಕೆಟ್ಟುಹೋಗಿದೆ ಎಂದು ತಿಳಿಯಬೇಡಿ. ಇಡೀ ಕೈಪಿಡಿಯಲ್ಲಿ ಒಂದೇ ಸೂಚನೆ ನೆನಪಿಡುವುದಾದರೆ ಇದನ್ನು ಇಡಿ.

ನನ್ನ ಮಗನ ಪ್ರಬಂಧ ಹೋದ ವರ್ಷ ಹಾಗೆಂದಿತು. ಎರಡು ಗುಂಪು, ಎರಡು ಬಗೆಯ ಆರೈಕೆ, ಎರಡು ವರ್ಷದ ಓಡಾಟ, ಕೊನೆಗೆ ವ್ಯತ್ಯಾಸವೇ ಇಲ್ಲ. ಹುಡುಗ ಊಟ ಬಿಟ್ಟು ಕುಳಿತ. ನನ್ನ ಹೆಂಡತಿ, “ಇಲ್ಲ ಅಂತ ಹೇಳೂಕೆ ಎರಡು ವರ್ಷ ಬೇಕಾಯ್ತಾ?” ಎಂದು ಕೇಳಿ ಗಾಯಕ್ಕೆ ಉಪ್ಪು ಹಾಕಿದಳು. ಆಗ ಅವನನ್ನು ಚೇಟ್‌ಪೇಟಿನ ಕಡೆ ಕರೆದುಕೊಂಡು ಹೋಗಿ ಒಂದು ಗೇಟು ತೋರಿಸಿದೆ.

ಈಗ ಅದರ ಹೆಸರು ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ. 1956ರಲ್ಲಿ ಶುರುವಾದಾಗ ಅದು ಕ್ಷಯದ ಔಷಧ ಚಿಕಿತ್ಸೆಯ ಕೇಂದ್ರ. ಆಗ ಕ್ಷಯ ಅಂದರೆ ಸ್ಯಾನಟೋರಿಯಂ: ಒಳ್ಳೆ ಗಾಳಿ, ಹಾಲು ಮೊಟ್ಟೆ, ತಿಂಗಳುಗಟ್ಟಲೆ ಮಲಗುವುದು. ನಮ್ಮ ಲೋಕಲ್ ರೈಲಿನಲ್ಲಿ ಇಂದಿಗೂ ‘ತಾಂಬರಂ ಸ್ಯಾನಟೋರಿಯಂ’ ಎಂಬ ನಿಲ್ದಾಣ ಬರುತ್ತದೆ. ದೇಶದ ಅಷ್ಟೂ ರೋಗಿಗಳಿಗೆ ಹಾಸಿಗೆ ಎಲ್ಲಿಂದ ತರುವುದು? ಕೇಂದ್ರದವರು 193 ಬಡ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲು ಸ್ಯಾನಟೋರಿಯಮ್ಮಿಗೆ, ಇನ್ನೊಂದು ಮನೆಗೆ. ಎರಡೂ ಪಾಲಿಗೆ ಅದೇ ಔಷಧ, ಒಂದು ವರ್ಷ. ಮನೆಯಲ್ಲಿದ್ದವರಿಗೆ ಒಂದೇ ಕೋಣೆ, ತೆಳ್ಳನೆಯ ಗಂಜಿ, ಜೊತೆಗೆ ದುಡಿಮೆ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಫಲಿತಾಂಶ ಬಂತು: ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದಾರೆ. ಮನೆಮಂದಿಗೆ ರೋಗ ಹೆಚ್ಚಾಗಿ ಹಬ್ಬಿದ್ದೂ ಇಲ್ಲ. ವ್ಯತ್ಯಾಸ ‘ಇಲ್ಲ’ ಎಂಬ ಆ ಒಂದು ಮಾತಿನಿಂದ ಜಗತ್ತಿನ ಸ್ಯಾನಟೋರಿಯಂಗಳು ಬಾಗಿಲು ಹಾಕತೊಡಗಿದವು.

ಅದಕ್ಕಿಂತ ಕಹಿಯಾದ ಇನ್ನೊಂದು ‘ಇಲ್ಲ’ ಪಕ್ಕದ ಚೆಂಗಲ್ಪಟ್ಟಿನದು. ಬಿಸಿಜಿ ಲಸಿಕೆ ಕ್ಷಯವನ್ನು ತಡೆಯುತ್ತದೆಯೇ ಎಂದು ನೋಡಲು 1968ರಲ್ಲಿ ಅಲ್ಲಿ ಪ್ರಯೋಗ ಶುರುವಾಯಿತು. ಸುಮಾರು 2,60,000 ಜನ, ಕೆಲವರಿಗೆ ಲಸಿಕೆ, ಕೆಲವರಿಗೆ ಬರೀ ನೀರಿನಂಥ ಚುಚ್ಚುಮದ್ದು. ದಶಕ ಕಳೆದು ಲೆಕ್ಕ ಕೂಡಿಸಿದರೆ, ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಅದರಿಂದ ರಕ್ಷಣೆ ಇಲ್ಲ. 15 ವರ್ಷಗಳ ಪೂರ್ತಿ ಲೆಕ್ಕ 1999ರಲ್ಲಿ ಅಚ್ಚಾದಾಗಲೂ ಅದೇ ಮಾತು. ಮಕ್ಕಳಿಗೆ ಬರುವ ಕ್ಷಯದ ಉಗ್ರ ರೂಪಗಳನ್ನು ಅದು ತಡೆಯುತ್ತದೆ ಎಂಬ ಕಾರಣಕ್ಕೆ ಹುಟ್ಟಿದ ಕೂಸಿಗೆ ಈಗಲೂ ಹಾಕುತ್ತಾರೆ. ನಿಮ್ಮ ತೋಳಿನ ಗುರುತು ವ್ಯರ್ಥವಲ್ಲ. ಆದರೆ ಅಷ್ಟು ಜನ, ಅಷ್ಟು ವರ್ಷ, ಅಷ್ಟು ಹಣ ಸುರಿದ ಮೇಲೆ ‘ಇಲ್ಲ’ ಎಂದು ಇದ್ದದ್ದನ್ನು ಇದ್ದ ಹಾಗೆ ಅಚ್ಚು ಹಾಕಿದವರ ಎದೆಗಾರಿಕೆ ನೋಡಿ. ಗೇಟಿನ ಹೊರಗೆ ನಿಂತು ಇದನ್ನೆಲ್ಲ ಹೇಳಿದೆ. ಮಗ, “ಅಪ್ಪಾ, ಇದು ನಮಗೆ ಪಾಠದಲ್ಲೇ ಇತ್ತು” ಅಂದ. ಆದರೂ ಬರುವಾಗ ಎರಡು ಮಸಾಲೆ ದೋಸೆ ತಿಂದ.

ಒಂದರ ವಯರು ಇನ್ನೊಂದಕ್ಕೆ

ಕಾನೂನು ಮತ್ತು ಆರೋಗ್ಯದ ಮಾಡೆಲ್‌ಗಳನ್ನು ಬೇರೆ ಬೇರೆ ಪ್ಲಗ್ಗಿಗೆ ಹಾಕಿದರೆ ಶಾಕ್ ಹೊಡೆಯುವುದು ಮೂರನೆಯವರಿಗೆ.

1985ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಸೂಕ್ಷ್ಮಜೀವಿ ವಿಜ್ಞಾನ ವಿಭಾಗದಲ್ಲಿ ಡಾ. ಸುನೀತಿ ಸಾಲೊಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಪ್ರಬಂಧಕ್ಕೊಂದು ವಿಷಯ ಕೊಟ್ಟರು: ಏಡ್ಸ್ ಇಲ್ಲಿದೆಯೇ ನೋಡು. ಅದು ಪರದೇಶದ ಕಾಯಿಲೆ, ನಮಗೇನು ಎಂದು ಎಲ್ಲರೂ ನಂಬಿದ್ದ ಕಾಲ, ನಿರ್ಮಲಾ ಅವರೂ. ರಕ್ತದ ಮಾದರಿಗಳನ್ನು ಮನೆಯ ಫ್ರಿಜ್ಜಿನಲ್ಲಿಟ್ಟುಕೊಂಡು, ಪರೀಕ್ಷೆಗೆ ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಹೊತ್ತು ಹೋದರು. 1986ರ ಫೆಬ್ರವರಿಯಲ್ಲಿ ಆರು ಮಾದರಿಗಳು ಹಳದಿಗೆ ತಿರುಗಿದವು, ಅಂದರೆ ಸೋಂಕು ಇದೆ. ಮರುಪರೀಕ್ಷೆಯೂ ಹೌದು ಎಂದಿತು. ತಮಿಳುನಾಡಿನ ಆರೋಗ್ಯ ಸಚಿವ ಎಚ್.ವಿ. ಹಂದೆ ವಿಧಾನಸಭೆಯಲ್ಲಿ ಅದನ್ನು ಪ್ರಕಟಿಸಿದರು. 

ಪ್ರಬಂಧ 1987ರಲ್ಲಿ ಮುಗಿಯಿತು. ದೇಶ ಎಚ್ಚೆತ್ತುಕೊಂಡಿತು. ಆ ರಕ್ತದ ಮಾದರಿ ಕೊಟ್ಟಿದ್ದ ಹೆಂಗಸರಿಗೆ ಮಾತ್ರ ಅದು ಅಲ್ಲಿಗೆ ಮುಗಿಯಲಿಲ್ಲ. ಅವರು ಸರ್ಕಾರಿ ರಕ್ಷಣಾಗೃಹದಲ್ಲಿ ಇರಿಸಲಾಗಿದ್ದ ಲೈಂಗಿಕ ಕಾರ್ಯಕರ್ತೆಯರು. ಸೋಂಕಿದೆ ಎಂಬ ಕಾರಣಕ್ಕೆ, ಅವಧಿ ಮುಗಿದ ಮೇಲೂ ಅಂಥವರನ್ನು ಹೊರಗೆ ಬಿಡದೆ ಕೂಡಿಹಾಕಿದರು. ಪತ್ರಕರ್ತೆ ಶ್ಯಾಮಲಾ ನಟರಾಜ್ ಹೈಕೋರ್ಟಿನ ಮೆಟ್ಟಿಲು ಹತ್ತಿ, 1990ರಲ್ಲಿ ಬಿಡುಗಡೆಯ ಆದೇಶ ಬರುವವರೆಗೂ ಅದೇ ಸ್ಥಿತಿ. ತಿಳುವಳಿಕೆಯ ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡಬಾರದು ಎಂಬ ಕಾಯ್ದೆ ದೇಶಕ್ಕೆ ಬಂದದ್ದು 2017ರಲ್ಲಿ, ಜಾರಿಯಾದದ್ದು 2018ರಲ್ಲಿ. ಮಗನ ಪ್ರಬಂಧದ ಕೊನೆಗೆ ಲಗತ್ತಿಸಿದ ಒಪ್ಪಿಗೆ ಪತ್ರವನ್ನು ಮೊದಲು ನಾನು ಬರೀ ಫಾರಂ ಅಂದುಕೊಂಡಿದ್ದೆ. ಈಗ ಅದನ್ನೇ ಮೊದಲು ಓದುತ್ತೇನೆ.

ವಯರು ಇನ್ನೊಂದು ದಿಕ್ಕಿಗೂ ಹರಿಯುತ್ತದೆ. ರಕ್ತದ ಕ್ಯಾನ್ಸರಿನ ಗ್ಲಿವೆಕ್ ಮಾತ್ರೆಗೆ ನೊವಾರ್ಟಿಸ್ ಕೇಳಿದ ಪೇಟೆಂಟನ್ನು ಚೆನ್ನೈ ಪೇಟೆಂಟ್ ಕಚೇರಿ 2006ರಲ್ಲಿ ತಿರಸ್ಕರಿಸಿತು. ಹಳೆಯ ಔಷಧಕ್ಕೆ ಹೊಸ ರೂಪ ಕೊಟ್ಟರೆ ಸಾಲದು, ಗುಣ ಹೆಚ್ಚಾಗಿರಬೇಕು ಎನ್ನುವ ಪೇಟೆಂಟ್ ಕಾಯ್ದೆಯ 3(ಡಿ) ಕಲಮೇ ಸಂವಿಧಾನಬಾಹಿರ ಎಂದು ಕಂಪನಿ ವಾದಿಸಿತು. ಮದ್ರಾಸ್ ಹೈಕೋರ್ಟ್ 2007ರಲ್ಲಿ ಅದನ್ನು ತಳ್ಳಿಹಾಕಿತು. ಪೇಟೆಂಟ್ ಇಲ್ಲ ಎಂಬ ಕೊನೆಯ ಮಾತನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಆಡಿತು. ತಿಂಗಳಿಗೆ ಲಕ್ಷ ದಾಟುತ್ತಿದ್ದ ಮಾತ್ರೆ ಬೇರೆ ಕಂಪನಿಗಳದು ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುವಂತಾದದ್ದು ಅಡಿಟಿಪ್ಪಣಿಗಳ ಕೃಪೆ. ಇದನ್ನು ಕೇಳಿ ಅಕ್ಕನ ಮಗಳು ಮೇಜಿನ ಮೇಲೆ ಇನ್ನಷ್ಟು ಜಾಗ ಆಕ್ರಮಿಸಿದ್ದಾಳೆ.

ಗಣಿತದ ಮಾಡೆಲ್: ಸದ್ದಿಲ್ಲದೆ ನಡೆಯುತ್ತದೆ

ಶಿರಸಿಯ ಹುಡುಗ ಮಾಡುವುದು ರೋಗ ಹರಡುವ ಲೆಕ್ಕ. ಈ ಲೆಕ್ಕದ ಮೂಲ ಹುಡುಕಿದರೆ ಬೆಂಗಳೂರಿನ ಒಂದು ನೀರಿನ ಪೀಪಾಯಿ ಸಿಗುತ್ತದೆ. 1883ರಲ್ಲಿ ಅಲ್ಲಿದ್ದ ಸೈನ್ಯದ ವೈದ್ಯ ರೊನಾಲ್ಡ್ ರಾಸ್, ಕಿಟಕಿಯ ಹೊರಗಿನ ಪೀಪಾಯಿಯಲ್ಲಿ ಸೊಳ್ಳೆಮರಿ ಕಂಡು ನೀರು ಚೆಲ್ಲಿಸಿದ, ಕಾಟ ಕಡಿಮೆಯಾಯಿತು. ಮುಂದೆ ಮಲೇರಿಯಾಕ್ಕೆ ಸೊಳ್ಳೆಯೇ ವಾಹಕ ಎಂದು ತೋರಿಸಿ 1902ರಲ್ಲಿ ನೊಬೆಲ್ ಪಡೆದ. ಅದಕ್ಕಿಂತ ನನಗೆ ಹಿಡಿಸಿದ್ದು ಅವನ ಆಮೇಲಿನ ಲೆಕ್ಕ: ಮಲೇರಿಯಾ ಹೋಗಲು ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಿಲ್ಲ, ಒಂದು ಮಿತಿಗಿಂತ ಕೆಳಗೆ ತಂದರೆ ಸಾಕು. ಈ ಆಧಾರದ ಮೇಲೆ ಹೂಕುಂಡದ ತಟ್ಟೆಗಳ ನೀರು ಚೆಲ್ಲುವ ಕೆಲಸದಿಂದ ತಪ್ಪಿಸಿಕೊಳ್ಳಲು ನೋಡಿದೆ. ಮಿತಿ ಎಷ್ಟು ಎಂದು ಹೆಂಡತಿ ಕೇಳಿದಳು. ಗೊತ್ತಿರಲಿಲ್ಲ, ಚೆಲ್ಲಿದೆ.

ರೋಗ ಹರಡುವುದನ್ನು ಲೆಕ್ಕ ಹಾಕಲು ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ 1927ರಲ್ಲಿ ಬರೆದ ಸಮೀಕರಣಗಳನ್ನು ಒರೆಗೆ ಹಚ್ಚಿದ್ದು 1905-06ರ ಬೊಂಬಾಯಿ ಪ್ಲೇಗಿನ ಸಾವುಗಳ ಲೆಕ್ಕದ ಮೇಲೆ. ಆ ವಂಶದ್ದೇ 2020ರಲ್ಲಿ ಪತ್ರಿಕೆಗಳಲ್ಲಿ ನಾವೆಲ್ಲ ನೋಡುತ್ತಿದ್ದ ‘ಆರ್’ ಸಂಖ್ಯೆ: ಒಬ್ಬ ರೋಗಿ ಎಷ್ಟು ಜನಕ್ಕೆ ದಾಟಿಸುತ್ತಾನೆ, ಒಂದಕ್ಕಿಂತ ಮೇಲೋ ಕೆಳಗೋ. ಅದನ್ನು ಲೆಕ್ಕ ಹಾಕಿ ಹೇಳುತ್ತಿದ್ದವರಲ್ಲಿ ಒಬ್ಬರು ನಮ್ಮ ಮನೆಗೆ ಹತ್ತಿರದ ತರಮಣಿಯ ಗಣಿತ ವಿಜ್ಞಾನ ಸಂಸ್ಥೆಯ ಸೀತಾಭ್ರ ಸಿನ್ಹಾ.

ನಕಲಿ ಬಿಡಿಭಾಗಗಳು

ಬ್ಯಾಂಕಿನ ಸಿಬ್ಬಂದಿ ಪತ್ರಿಕೆಯಲ್ಲಿ ಪಿಂಚಣಿಯ ಬಗ್ಗೆ ನಾನೊಂದು ಪುಟ ಬರೆದ ಮೇಲೆ, ಹೃದ್ರೋಗದ ‘ಅಂತರರಾಷ್ಟ್ರೀಯ’ ಪತ್ರಿಕೆಯೊಂದು ನನ್ನನ್ನು ‘ಗೌರವಾನ್ವಿತ ಡಾಕ್ಟರ್’ ಎಂದು ಕರೆದು ಪ್ರಬಂಧ ಕೇಳಿತು. ಮೂರು ದಿನದಲ್ಲಿ ಪ್ರಕಟಣೆ, ಹಣ ಮೊದಲೇ. ಯಾರೂ ತಿರುಗಿ ಕಳಿಸುವುದಿಲ್ಲ ಎಂಬುದೇ ಅವರ ಮಾಲಿನ ಹೆಗ್ಗಳಿಕೆ. ಇಂಥವು ನುಸುಳಿದ್ದವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ತನ್ನ ಮಾನ್ಯ ಪತ್ರಿಕೆಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತ್ತು.

ಯುಜಿಸಿಯ ಅದೇ ವರ್ಷದ ನಿಯಮದ ಪ್ರಕಾರ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ. 10ರವರೆಗೆ ಕ್ಷಮ್ಯ, 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಕಾನೂನಿನ ಕಲಮುಗಳನ್ನೂ ಗಣಿತದ ಸಿದ್ಧ ಸಮೀಕರಣಗಳನ್ನೂ ಈ ಲೆಕ್ಕದಿಂದ ಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಪೂರ್ತಿ ಸಿಕ್ಕಿಬಿದ್ದವನು ಮಗ ಒಬ್ಬನೇ.

ವಾರಂಟಿ

ಇಲ್ಲ.

ಗ್ರಾಹಕ ಸೇವೆ

ಪಿಎಚ್.ಡಿ.ಯ ಕೊನೆಗೆ ತೆರೆದ ಮೌಖಿಕ ಪರೀಕ್ಷೆ ಇರುತ್ತದೆ. ಆಸಕ್ತರು ಬಂದು ಕೂರಬಹುದು. ಹೋದ ಸಲ ನಾನು ಹೋಗಿದ್ದ ಒಂದರಲ್ಲಿ ಸಭಿಕರ ಪ್ರಶ್ನೆಗೆ ಹತ್ತು ನಿಮಿಷ ಕೊಟ್ಟರು, ಒಬ್ಬರೂ ಏಳಲಿಲ್ಲ, ಎಲ್ಲರೂ ಬೋಂಡಾದ ಕಡೆ ನಡೆದರು. ಅಕ್ಕನ ಮಗಳದು ಬರುವ ತಿಂಗಳು. ಬೋಂಡಾ ಖಂಡಿತ ಇದೆ. ನೀವು ಬರುವುದಾದರೆ ಅವಳಿಗೆ ಉತ್ತರ ಹೊಳೆಯದಂಥ ಒಂದು ಪ್ರಶ್ನೆ ತನ್ನಿ.