ಪರೋಟವೂ ಸಾಫ್ಟ್‌ವೇರೂ

ಬೆಂಗಳೂರಿನ ಮಾರತ್ತಹಳ್ಳಿ, ಬಿಟಿಎಂ ಲೇಔಟ್ ಕಡೆ ಕರೆಂಟು ಕಂಬಗಳನ್ನು ಓದುತ್ತ ನಡೆಯುವ ಚಟ ಇದ್ದವರಿಗೆ ಗೊತ್ತು: ಪಿ.ಜಿ.ಗಳ ಚೀಟಿ, ಆಪರೇಷನ್ ಇಲ್ಲದೆ ಮೂಲವ್ಯಾಧಿ ವಾಸಿ ಮಾಡುವವರ ಚೀಟಿ, ಕೋಡಿಂಗ್ ಇಲ್ಲದೆ ಐಟಿ ಕೆಲಸ ಕೊಡಿಸುವವರ ಚೀಟಿ ಅಲ್ಲಿ ಒಂದರ ಮೈಮೇಲೊಂದು ಅಂಟಿಕೊಂಡಿರುತ್ತವೆ. ಕೊನೆಯ ಎರಡರ ಭಾಷೆಯಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ. ನೋವಿಲ್ಲ, ಕೊಯ್ಯುವುದಿಲ್ಲ, ಮೂರೇ ತಿಂಗಳು, ನೂರಕ್ಕೆ ನೂರು ಗ್ಯಾರಂಟಿ. ಇದನ್ನು ಕಂಡರೆ ಎಂಜಿನಿಯರುಗಳಿಗೆ ಮೈ ಉರಿಯುತ್ತದೆ. ನಾಲ್ಕು ವರ್ಷ ಬ್ಯಾಕ್‌ಲಾಗ್ ಹೊತ್ತು, ಆಮೇಲೆ ಒಂದು ಸೆಮಿಕೋಲನ್ನಿಗಾಗಿ ರಾತ್ರಿಯಿಡೀ ಹುಡುಕಾಡಿದವರ ಪಕ್ಕದ ಸೀಟಿನಲ್ಲಿ ಬಿ.ಕಾಂ. ಪಾಸಾದವನೊಬ್ಬ ಬಂದು ಕೂತು ಅವರಷ್ಟೇ ಸಂಬಳ ಎಣಿಸುವುದು ಯಾವ ಸೀಮೆಯ ನ್ಯಾಯ? ನನ್ನ ಮಟ್ಟಿಗೆ ಅದು ನ್ಯಾಯವೇ. ಆ ಚೀಟಿಯಲ್ಲಿ ‘ಕೋಡಿಂಗ್ ಬೇಡ’ ಎಂಬ ಮಾತು ನಿಜ, ‘ಮೂರೇ ತಿಂಗಳು’ ಎಂಬುದು ಸುಳ್ಳು. ತೊಂದರೆ ಏನೆಂದರೆ ಐಟಿಯ ಹೊರಗಿರುವವರು ಎರಡನ್ನೂ ನಂಬುತ್ತಾರೆ, ಒಳಗಿರುವವರು ಎರಡನ್ನೂ ನಂಬುವುದಿಲ್ಲ.

ಸಾಫ್ಟ್‌ವೇರಿನಲ್ಲಿ ಕೋಡ್ ಬರೆಯುವ ಕೆಲಸ ಎಷ್ಟು ಪಾಲು ಎಂಬುದಕ್ಕೆ ಹಳೆಯ ಸಾಕ್ಷಿಯೊಂದಿದೆ. ಐಬಿಎಂನಲ್ಲಿ ಸಿಸ್ಟಂ/360 ಎಂಬ ಭಾರೀ ಕೆಲಸದ ಉಸ್ತುವಾರಿ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಪುಸ್ತಕ ಬರೆದರು. ಅದರಲ್ಲಿ ಅವರು ಸಮಯ ಹಂಚುವ ಲೆಕ್ಕ ಕೊಟ್ಟಿದ್ದಾರೆ: ಮೂರನೇ ಒಂದು ಪಾಲು ಯೋಜನೆಗೆ, ಅರ್ಧ ಪಾಲು ಪರೀಕ್ಷೆಗೆ, ಕೋಡಿಂಗಿಗೆ ಉಳಿಯುವುದು ಆರನೇ ಒಂದು ಪಾಲು. ಮ್ಯಾನೇಜರು ತನ್ನ ಕೆಲಸವನ್ನು ತಾನೇ ಹೊಗಳಿಕೊಂಡ ಲೆಕ್ಕ ಇದು ಎನ್ನುವ ಹಾಗಿಲ್ಲ. ಕಂಪ್ಯೂಟರ್ ಲೋಕದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಅವರಿಗೆ 1999ರಲ್ಲಿ ಬಂದಿದೆ. ಆ ಕಾಲದಲ್ಲಿ ಉಳಿದ ಐದು ಪಾಲನ್ನೂ ಹೆಚ್ಚಾಗಿ ಎಂಜಿನಿಯರುಗಳೇ ಮಾಡುತ್ತಿದ್ದರಲ್ಲ ಎಂದರೆ ಒಪ್ಪಬೇಕಾದ ಮಾತೇ. ಆದರೆ ಮಾಡುತ್ತಿದ್ದರು ಎನ್ನುವುದು ಬೇರೆ, ಅವರೇ ಮಾಡಬೇಕು ಎನ್ನುವುದು ಬೇರೆ.

ಯಾರು ಮಾಡಬೇಕು ಎಂಬುದನ್ನು ಪರೋಟ ಚೆನ್ನಾಗಿ ಹೇಳಿಕೊಡುತ್ತದೆ. 2020ರಲ್ಲಿ ಕರ್ನಾಟಕದ ಜಿಎಸ್‌ಟಿ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರದ ಮುಂದೆ ಒಂದು ಗಂಭೀರ ಪ್ರಶ್ನೆ ಬಂತು: ಪಾಕೀಟಿನಲ್ಲಿ ಮಾರುವ ಪರೋಟ ರೊಟ್ಟಿಯ ಕುಲಕ್ಕೆ ಸೇರಿದ್ದೋ ಅಲ್ಲವೋ? ಅಲ್ಲ ಎಂದು ತೀರ್ಪಾಯಿತು. ತಿನ್ನುವ ಮುಂಚೆ ಅದನ್ನು ಇನ್ನೊಮ್ಮೆ ಕಾಯಿಸಬೇಕು, ಹಾಗಾಗಿ ಅದು ಚಪಾತಿ, ರೊಟ್ಟಿ, ಖಾಕ್ರಾಗಳ ಪಂಕ್ತಿಯಲ್ಲಿ ಕೂರುವಂತಿಲ್ಲ. ರೊಟ್ಟಿಗೆ ನೂರಕ್ಕೆ 5 ತೆರಿಗೆ, ಪರೋಟಕ್ಕೆ 18. ದೇಶವೆಲ್ಲ ನಕ್ಕಿತು. ನಗಲಾಗದವರೆಂದರೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರು. ‘ಪರೋಟವಾದರೆ 18, ಇಲ್ಲವಾದರೆ 5’ ಎಂದು ಕಂಪ್ಯೂಟರಿಗೆ ಹೇಳಲು ಮೊದಲ ಸೆಮಿಸ್ಟರಿನ ಮಕ್ಕಳೇ ಸಾಕು, ಎರಡು ಸಾಲಿನ ಕೆಲಸ. ಆದರೆ ಯಾವುದು ಪರೋಟ? ಫ್ರಿಜ್ಜಿನ ಪಾಕೀಟಿಗೂ ಹೋಟೆಲಿನವರು ತಟ್ಟೆಗೆ ಹಾಕಿ ಕೊಟ್ಟದ್ದಕ್ಕೂ ಒಂದೇ ಲೆಕ್ಕವೇ? ಬೀದರಿನ ಗೋಡೌನಿನಿಂದ ನಾಂದೇಡಿಗೆ ಹೋದ ಪೆಟ್ಟಿಗೆಗೆ ರಾಜ್ಯದ ಗಡಿ ದಾಟಿದ್ದಕ್ಕೆ ಬೇರೆ ಬಗೆಯ ತೆರಿಗೆ ಹಾಕಬೇಕಲ್ಲವೇ? ಬೂಷ್ಟು ಹಿಡಿದು ವಾಪಸ್ ಬಂದ ಪಾಕೀಟಿನ ಕ್ರೆಡಿಟ್ ನೋಟ್ ಯಾವ ತಿಂಗಳಿಗೆ? ಈ ಪ್ರಶ್ನೆಗಳು ಜಾವಾ ಕಲಿತವನಿಗೆ ಹುಟ್ಟುವುದಿಲ್ಲ. ತೆರಿಗೆ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ ಲೆಕ್ಕಿಗರಿಗೆ ನಿದ್ದೆಯಲ್ಲೂ ಹುಟ್ಟುತ್ತವೆ. ಆ ಲೆಕ್ಕಿಗರನ್ನು ಎಸಿ ಕೋಣೆಯಲ್ಲಿ ಕೂರಿಸಿ, ಕೊರಳಿಗೆ ಟ್ಯಾಗ್ ಹಾಕಿ, ಬಿಸಿನೆಸ್ ಅನಲಿಸ್ಟ್ ಎಂದು ಕರೆದರೆ ಆಯಿತು. ಸಂಬಳ ಸಿಗುವುದು ಆ ಪ್ರಶ್ನೆಗಳಿಗೆ.

ಪ್ರಶ್ನೆ ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ದೊಡ್ಡ ಉದಾಹರಣೆಗಳಿವೆ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನವರೆಗೂ ಹೋಗಿ ಕಾಣೆಯಾಯಿತು. ಒಂದು ಗುಂಪಿನ ಸಾಫ್ಟ್‌ವೇರ್ ಬಲದ ಲೆಕ್ಕವನ್ನು ಪೌಂಡಿನಲ್ಲಿ ಕೊಟ್ಟಿತ್ತು, ಇನ್ನೊಂದು ಗುಂಪು ಅದನ್ನು ನ್ಯೂಟನ್ ಎಂದುಕೊಂಡಿತ್ತು. ಗುಣಾಕಾರ ಭಾಗಾಕಾರ ಎಲ್ಲ ಸರಿಯಿತ್ತು. ‘ಯಾವ ಅಳತೆಯಲ್ಲಿ ಕೊಡ್ತಾ ಇದೀರಿ ಸ್ವಾಮಿ?’ ಎಂದು ಯಾರೂ ಕೊನೆಯವರೆಗೆ ಪಟ್ಟುಹಿಡಿದು ಕೇಳಲಿಲ್ಲ. ನಮ್ಮ ಕಿರಾಣಿ ಅಂಗಡಿಗಳಲ್ಲಿ ದಿನಕ್ಕೆ ಐವತ್ತು ಸಲ ಕೇಳುವ ಪ್ರಶ್ನೆ. ಇನ್ನು ಅಮೆರಿಕ ಸರ್ಕಾರದ ಆರೋಗ್ಯ ವಿಮೆಯ ತಾಣ ಹೆಲ್ತ್‌ಕೇರ್ ಡಾಟ್ ಗವ್ 2013ರ ಅಕ್ಟೋಬರ್ 1ರಂದು ತೆರೆದಾಗ, ಇಡೀ ದಿನದಲ್ಲಿ ಅದರ ಮೂಲಕ ವಿಮೆಗೆ ಸೇರಿದವರು ಆರು ಮಂದಿ. ಕೋಡ್ ಬರೆಯುವ ಗುತ್ತಿಗೆದಾರರಿಗೆ ಅಲ್ಲಿ ಬರವಿರಲಿಲ್ಲ, ಡಜನ್‌ಗಟ್ಟಲೆ ಕಂಪನಿಗಳಿದ್ದವು. ಎಲ್ಲವನ್ನೂ ಕೂಡಿಸಿ ನೋಡುವ ಒಬ್ಬ ಯಜಮಾನ ಇರಲಿಲ್ಲ. ರಿಪೇರಿಯ ಉಸ್ತುವಾರಿಗೆ ಬಂದ ಜೆಫ್ ಜೈಂಟ್ಸ್ ವ್ಯವಹಾರ, ಆಡಳಿತದ ಮನುಷ್ಯ. ಅವರ ಜೊತೆ ಗಟ್ಟಿ ಎಂಜಿನಿಯರುಗಳೂ ಬಂದರು, ಅವರಿಲ್ಲದೆ ತಾಣ ಏಳುತ್ತಿರಲಿಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಎಂಜಿನಿಯರುಗಳು ಮೊದಲೂ ಇದ್ದರು.

ಕೋಡ್ ಬಾರದವರು ಐಟಿಗೆ ನುಗ್ಗಿದ್ದು ಈಚಿನ ಮಾತೆಂದು ತಿಳಿದವರಿಗೆ ಇತಿಹಾಸದ ಒಂದು ತುಣುಕು ಬೇಕು. 1931ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ಕ್ಯಾಮೆ ಸೋಪಿನ ಜಾಹೀರಾತು ನೋಡುತ್ತಿದ್ದ ನೀಲ್ ಮೆಕ್‌ಎಲ್‌ರಾಯ್, ಒಂದೊಂದು ಸೋಪಿಗೂ ಅದರ ಹುಟ್ಟುಸಾವು ನೋಡಿಕೊಳ್ಳಲು ಒಬ್ಬೊಬ್ಬ ಮನುಷ್ಯ ಬೇಕು ಎಂದು ಮೇಲಿನವರಿಗೆ ಟಿಪ್ಪಣಿ ಬರೆದರು. ಇಂದು ಐಟಿಯಲ್ಲಿ ಎಲ್ಲರೂ ಕಣ್ಣಿಟ್ಟಿರುವ ಪ್ರಾಡಕ್ಟ್ ಮ್ಯಾನೇಜರ್ ಹುದ್ದೆಯ ಮೂಲಪುರುಷ ಆ ಸೋಪಿನ ಮನುಷ್ಯ. ಮುಂದೆ ಅವರೇ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾದರು. 1958ರಲ್ಲಿ ಅವರ ಕಾಲದಲ್ಲೇ ಆರ್ಪಾ ಎಂಬ ಸಂಸ್ಥೆ ಹುಟ್ಟಿತು. ಆ ಆರ್ಪಾ 1969ರಲ್ಲಿ ಶುರು ಮಾಡಿದ ಜಾಲವೇ ಇಂಟರ್‌ನೆಟ್ಟಿನ ಅಜ್ಜ. ಮೆಕ್‌ಎಲ್‌ರಾಯ್ ಓದಿದ್ದು ಅರ್ಥಶಾಸ್ತ್ರ. ಇಂಥವರ ರೆಸ್ಯೂಮೆಯನ್ನು ಇವತ್ತಿನ ಎಚ್‌ಆರ್ ಸಾಫ್ಟ್‌ವೇರು ‘ಸ್ಕಿಲ್ಸ್ ಹೊಂದಿಕೆಯಾಗುತ್ತಿಲ್ಲ’ ಎಂದು ವಾಪಸ್ ಕಳಿಸುತ್ತಿತ್ತೇನೋ. ಜರ್ಮನಿಯಲ್ಲಿ 1972ರಲ್ಲಿ ಹುಟ್ಟಿದ, ನಮ್ಮವರ ಬಾಯಲ್ಲಿ ಸ್ಯಾಪ್ ಎಂದಾಗಿರುವ ಸಾಫ್ಟ್‌ವೇರ್ ಕಂಪನಿಯ ಸುತ್ತ ಬೆಳೆದ ಉದ್ಯೋಗಗಳನ್ನೇ ನೋಡಿ. ಅಲ್ಲಿ ಟೆಕ್ನಿಕಲ್, ಫಂಕ್ಷನಲ್ ಎಂದು ಎರಡು ಪಂಗಡ. ಟೆಕ್ನಿಕಲ್‌ನವರು ಕೋಡ್ ಬರೆಯುತ್ತಾರೆ. ಫಂಕ್ಷನಲ್‌ನವರಲ್ಲಿ ಸಿ.ಎ.ಗಳು, ಕಾಸ್ಟ್ ಅಕೌಂಟೆಂಟರು, ಕಾರ್ಖಾನೆಯ ಸ್ಟೋರ್ಸ್ ನೋಡಿಕೊಂಡಿದ್ದವರು ತುಂಬಿದ್ದಾರೆ. ಯಾವ ನಟ್ಟು ಯಾವ ಕಪಾಟಿನಲ್ಲಿ, ಎಷ್ಟಕ್ಕಿಳಿದರೆ ಮತ್ತೆ ತರಿಸಬೇಕು ಎಂಬ ಜ್ಞಾನದ ಬಲದಿಂದಲೇ ಎಷ್ಟೋ ಜನ ಸ್ಟಟ್‌ಗಾರ್ಟು, ಟೊರಾಂಟೊ ಕಂಡು ಬಂದರು.

ಕನ್ನಡ ಬಲ್ಲವರಿಗೂ ಇಲ್ಲಿ ಜಾಗವಿದೆ. ಮೊಬೈಲ್ ಆ್ಯಪುಗಳಲ್ಲಿ ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿರುತ್ತಾರೆ, ಕನ್ನಡ ಹಾಕಿದ ಕೂಡಲೇ ಒತ್ತಕ್ಷರಗಳ ಸೊಂಟ ಕತ್ತರಿಸಿಹೋಗುತ್ತದೆ. ಕೋಡ್ ಬರೆದವನಿಗೆ ಕನ್ನಡ ಬಾರದಿದ್ದರೆ ಅದು ವಿನ್ಯಾಸದ ಸೊಗಸು ಎಂದೇ ಕಾಣುತ್ತದೆ. ಕಾಗುಣಿತ ನೆಟ್ಟಗೆ ಬರುವ ಒಬ್ಬ ಟೆಸ್ಟರ್ ಕಂಪನಿಯ ಮಾನ ಉಳಿಸಬಲ್ಲರು.

ಈಗ ಎದುರುವಾದಕ್ಕೆ ಬರೋಣ. ಕೋಡ್ ಬರೆಯದವರೆಲ್ಲ ಮೀಟಿಂಗು ಮಾಡಿ ಕಾಲ ಕಳೆಯುವವರು, ದುಡಿಯುವವರ ಬೆನ್ನೇರಿ ಕೂತವರು ಎಂಬುದು ಮೊದಲ ಆರೋಪ. ಇದರಲ್ಲಿ ಸತ್ಯ ಇಲ್ಲದಿಲ್ಲ. ತಂಡದ ಕೆಲಸ ಸಾಗುವಂತೆ ನೋಡಿಕೊಳ್ಳುವ ಸ್ಕ್ರಮ್ ಮಾಸ್ಟರ್ ಎಂಬ ಹುದ್ದೆಯನ್ನು ನೋಡಿದರೆ, ಮದುವೆಮನೆಯಲ್ಲಿ ಕೈಯಲ್ಲಿ ಒಂದು ಚೊಂಬೂ ಹಿಡಿಯದೆ ಎಲ್ಲರನ್ನೂ ‘ಆಯ್ತಾ? ಎಲ್ಲಿಗೆ ಬಂತು?’ ಎಂದು ವಿಚಾರಿಸುತ್ತ ಓಡಾಡುವ ಸೋದರಮಾವನ ನೆನಪಾಗುವುದು ಸಹಜ. ಆ ಮಾವ ಇಲ್ಲದಿದ್ದರೆ ಮುಹೂರ್ತದ ಹೊತ್ತಿಗೆ ತಾಳಿ ಯಾರ ಪೆಟ್ಟಿಗೆಯಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಆದರೆ ಅಂಥ ಮಾವಂದಿರು ಹತ್ತು ಜನರಾದರೆ ಅಡುಗೆಯವನು ಸೌಟು ಬಿಸಾಕಿ ಹೋಗುತ್ತಾನೆ. 2023ರ ಜನವರಿಯಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕು ಅಜೈಲ್ ಎಂಬ ಕೆಲಸದ ವಿಧಾನದ ಈ ಬಗೆಯ ಹುದ್ದೆಗಳ ಶಾಖೆಯನ್ನೇ ಮುಚ್ಚಿತು, ಸಾವಿರಕ್ಕೂ ಹೆಚ್ಚು ಮಂದಿಯ ಕುರ್ಚಿ ಹೋಯಿತು. ನನ್ನ ವಾದಕ್ಕೆ ಇದು ಪೆಟ್ಟಲ್ಲ, ಊರುಗೋಲು. ಹೋದ ಹುದ್ದೆಗಳು ಕೆಲಸದ ವಿಧಾನವನ್ನು ಮಾತ್ರ ಬಲ್ಲವರ ಹುದ್ದೆಗಳು. ಬೇರೆಯವರ ಮಾತನ್ನು ಈ ಕಿವಿಯಿಂದ ಆ ಕಿವಿಗೆ ದಾಟಿಸುವುದಷ್ಟೇ ಕೆಲಸವಾದರೆ ಅದಕ್ಕೆ ದೊಡ್ಡ ಸಂಬಳ ಬಹಳ ಕಾಲ ಬಾಳುವುದಿಲ್ಲ. ವಿಮೆಯ ಒಳಸುಳಿ ಬಲ್ಲವರನ್ನು ವಿಮೆಯ ಸಾಫ್ಟ್‌ವೇರಿನವರು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿ: ಹಾಗಾದರೆ ಏನನ್ನೂ ಕಲಿಯದೆ ಐಟಿಗೆ ಹೋಗಬಹುದು ಎನ್ನುತ್ತೀರಾ? ಇಲ್ಲ, ಕಂಬದ ಮೇಲಿನ ಚೀಟಿಯವರ ಜೊತೆ ನನ್ನ ಜಗಳ ಇರುವುದೇ ಇಲ್ಲಿ. ಅವರು ಬಲೆ ಬೀಸುವುದು ನಿನ್ನೆಮೊನ್ನೆ ಡಿಗ್ರಿ ಮುಗಿಸಿದ, ಯಾವ ಕಸುಬನ್ನೂ ಒಳಗಿನಿಂದ ಕಾಣದ ಮಕ್ಕಳಿಗೆ. ಆ ಮಕ್ಕಳು ಫೀಸು ಕಟ್ಟಿ, ಸರ್ಟಿಫಿಕೇಟು ಹಿಡಿದು ಇಂಟರ್‌ವ್ಯೂಗೆ ಹೋದರೆ, ಅದೇ ಸರ್ಟಿಫಿಕೇಟು ಹಿಡಿದ ಇನ್ನೂರು ಜನ ಆಗಲೇ ಲಾಬಿಯಲ್ಲಿ ಕೂತಿರುತ್ತಾರೆ. ಈ ದಾರಿ ನಿಜವಾಗಿ ಯಾರಿಗೆ ತೆರೆದಿದೆಯೋ ಅವರು ಮಾತ್ರ ಚೀಟಿಯ ಕಡೆ ತಲೆಯೆತ್ತಿಯೂ ನೋಡುವುದಿಲ್ಲ: ಹದಿನೈದು ವರ್ಷ ಸಾಲದ ಅರ್ಜಿ ಓದಿದ ಬ್ಯಾಂಕಿನವರು, ವಾರ್ಡಿನಲ್ಲಿ ಯಾವ ಔಷಧಿ ಯಾವಾಗ ತಪ್ಪುತ್ತದೆ ಎಂದು ಬಲ್ಲ ನರ್ಸಮ್ಮ, ಲಾರಿ ಯಾಕೆ ತಡವಾಯಿತೆಂದು ಡ್ರೈವರಿನ ದನಿಯಲ್ಲೇ ಕಂಡುಹಿಡಿಯುವ ಗೋಡೌನ್ ಸೂಪರ್‌ವೈಸರು. ಅವರು ‘ನಮ್ಮ ವಯಸ್ಸಿಗೆ ಅದೆಲ್ಲ ಬೇಡಪ್ಪ, ನಮಗೆ ಕಂಪ್ಯೂಟರ್ ಬರಲ್ಲ’ ಎಂದು ಕೈ ಕೊಡವಿಬಿಡುತ್ತಾರೆ. ಅವರೂ ಕಲಿಯಬೇಕಾದದ್ದು ಇದೆ. ಡೇಟಾಬೇಸಿನಿಂದ ತಮಗೆ ಬೇಕಾದದ್ದನ್ನು ಕೇಳಿ ಪಡೆಯುವಷ್ಟು ಎಸ್‌ಕ್ಯೂಎಲ್, ತಪ್ಪನ್ನು ಕಂಡ ಹಾಗೆ ಹಂತಹಂತವಾಗಿ ಬರೆದಿಡುವ ಶಿಸ್ತು, ಎಂಜಿನಿಯರು ‘ಆಗಲ್ಲ’ ಎಂದಾಗ ಅದು ಕಷ್ಟದ ಮಾತೋ ಸೋಮಾರಿತನದ ಮಾತೋ ಎಂದು ಗುರುತಿಸುವ ಕಿವಿ. ಕೊನೆಯದು ಬರಲು ವರ್ಷಗಳೇ ಬೇಕು. ಆರಂಭದಲ್ಲಿ ಸಂಬಳವೂ ಪಕ್ಕದ ಡೆವಲಪರಿನದಕ್ಕಿಂತ ಕಡಿಮೆ ಇರುವುದುಂಟು, ಅದನ್ನು ನುಂಗಿಕೊಳ್ಳಬೇಕು.

ಎಐ ಬಂದ ಮೇಲೆ ಈ ಜಗಳವೇ ಮುಗಿಯಿತಲ್ಲ ಎನ್ನುವವರಿದ್ದಾರೆ. 2025ರ ಫೆಬ್ರವರಿಯಲ್ಲಿ ಎಐ ವಿಜ್ಞಾನಿ ಆಂದ್ರೇ ಕಾರ್ಪತಿ ‘ವೈಬ್ ಕೋಡಿಂಗ್’ ಎಂಬ ಹೆಸರಿಟ್ಟರು: ಬೇಕಾದದ್ದನ್ನು ಬಾಯಲ್ಲಿ ಹೇಳಿದರೆ ಯಂತ್ರವೇ ಕೋಡ್ ಬರೆಯುತ್ತದೆ. ಇದನ್ನು ಕೇಳಿ ಕೋಡ್ ಬಾರದವರು ಹೋಳಿಗೆ ಮಾಡಿಸಿಕೊಂಡು ತಿನ್ನಬೇಕಿಲ್ಲ. ಯಂತ್ರ ಕೋಡನ್ನಷ್ಟೇ ಬರೆಯುವುದಿಲ್ಲ, ಮೀಟಿಂಗಿನ ವರದಿ, ರಿಕ್ವೈರ್‌ಮೆಂಟಿನ ಕಡತ, ಟೆಸ್ಟ್ ಕೇಸುಗಳನ್ನೂ ಅಷ್ಟೇ ಸರಾಗವಾಗಿ ಬರೆದುಕೊಡುತ್ತದೆ. ಇಬ್ಬರ ಕೆಲಸದಲ್ಲೂ ಬರವಣಿಗೆಯ ಭಾಗ ಅಗ್ಗವಾಗುತ್ತಿದೆ. ಯಂತ್ರಕ್ಕೆ ಏನು ಹೇಳಬೇಕು, ಅದು ಕೊಟ್ಟದ್ದು ಸರಿಯೋ ಎಂದು ಹೇಗೆ ನೋಡಬೇಕು ಎಂಬ ಭಾಗ ಅಗ್ಗವಾಗಿಲ್ಲ. ಪರೋಟದ ಕತೆಯೂ ಅಲ್ಲಿಗೇ ನಿಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಪರೋಟ, ರೊಟ್ಟಿ ಎರಡಕ್ಕೂ ತೆರಿಗೆ ಸೊನ್ನೆ. ಇನ್ನೇನು, ಎರಡು ಸಾಲಿನ ಕೋಡನ್ನೂ ಅಳಿಸಿದರಾಯಿತು ಎಂದು ಎಂಜಿನಿಯರೂ ಎಐಯೂ ಒಟ್ಟಿಗೆ ನಿಟ್ಟುಸಿರು ಬಿಡುವ ಹೊತ್ತಿಗೆ, ಮೂಲೆಯ ಸೀಟಿನಿಂದ ಬಿ.ಕಾಂ. ಓದಿದ ಆಸಾಮಿ ಕೈಯೆತ್ತುತ್ತಾನೆ: ಇಪ್ಪತ್ತೊಂದರಂದು ಬಿಲ್ ಹಾಕಿ, ಇಪ್ಪತ್ತೆರಡರಂದು ಲಾರಿಯಿಂದ ಇಳಿಸಿ, ಇಪ್ಪತ್ತೈದರಂದು ದುಡ್ಡು ಬಂದ ಪರೋಟಕ್ಕೆ ಎಷ್ಟು? ಜಿಎಸ್‌ಟಿ ಕಾಯಿದೆಯ 14ನೇ ಕಲಂನಲ್ಲಿ ಉತ್ತರವಿದೆ. ಸರಕು ಕೊಟ್ಟದ್ದು, ಬಿಲ್ ಬರೆದದ್ದು, ಹಣ ಬಂದದ್ದು, ಈ ಮೂರರಲ್ಲಿ ಯಾವ ಎರಡು ಗಡಿಯ ಯಾವ ಕಡೆ ಬಿದ್ದವು ಎಂದು ನೋಡಬೇಕು. ಅಳಿಸಲು ಹೊರಟಿದ್ದ ಎರಡು ಸಾಲು ಈಗ ಇಪ್ಪತ್ತಾಗುತ್ತದೆ, ಮತ್ತು ಅದಕ್ಕೊಂದು ಮೀಟಿಂಗು.