ಸ್ಕೋಪ್ ಮಾಮ

ಹತ್ತನೇ ಕ್ಲಾಸಿನ ರಿಸಲ್ಟ್ ಬಂದು ಮಳೆ ಹಿಡಿಯಿತೆಂದರೆ ಮುಂಬಯಿಯ ಕನ್ನಡ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಸೀಸನ್. ಶಾಲು, ಫಲಕ, ಒಂದು ಲಕೋಟೆ, ಐದು ಜನರ ಭಾಷಣ, ಆಮೇಲೆ ಊಟ. ಆ ಊಟದ ಸಾಲಿನಲ್ಲಿ ಪಲಾವಿನ ಪಾತ್ರೆಗೂ ಮೊಸರನ್ನದ ಪಾತ್ರೆಗೂ ನಡುವೆ ಸ್ಕೋಪ್ ಮಾಮ ನಿಂತಿರುತ್ತಾರೆ. ಜಾಗ ಸುಮ್ಮನೆ ಆರಿಸಿದ್ದಲ್ಲ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಪಾಯಸದ ಲೋಟ ಹಿಡಿದ ಹುಡುಗ ಅಲ್ಲಿಂದ ಓಡಲಾರ.

“ಎಷ್ಟು ಪರ್ಸೆಂಟ್?”

“ಎಂಬತ್ತೊಂಬತ್ತು.”

“ಮನೆ?”

“ಡೊಂಬಿವಲಿ.”

“ಈಸ್ಟಾ, ವೆಸ್ಟಾ?”

ಅಷ್ಟಕ್ಕೆ ಜಾತಕ ಮುಗಿಯಿತು. ನಿನಗೇನು ಇಷ್ಟ, ಏನು ಚೆನ್ನಾಗಿ ಬರುತ್ತದೆ ಎಂಬ ನಾಲ್ಕನೆಯ ಪ್ರಶ್ನೆ ಮಾಮನ ಪಟ್ಟಿಯಲ್ಲಿಲ್ಲ. ಅವರ ಲೆಕ್ಕದಲ್ಲಿ ಮನುಷ್ಯನ ಸ್ವಭಾವವನ್ನು ತೀರ್ಮಾನಿಸುವುದು ರೈಲ್ವೆ. ಡೊಂಬಿವಲಿಯ ಹುಡುಗನಿಗೆ ಆರ್ಕಿಟೆಕ್ಚರ್ ಹೇಳುತ್ತಾರೆ, ಏಕೆಂದರೆ ಜೆ.ಜೆ. ಕಾಲೇಜು ಇರುವುದು ಸಿಎಸ್‌ಎಂಟಿ ಹತ್ತಿರ: “ಬರುವಾಗ ಗಾಡಿ ಅಲ್ಲಿಂದಲೇ ಹೊರಡುವುದು ಮಾರಾಯ, ಸೀಟು ಗ್ಯಾರಂಟಿ.” ಮೀನುಗಳ ಬಗ್ಗೆ ಓದಬೇಕೆಂದು ಆಸೆಪಟ್ಟ ವಿರಾರಿನ ಹುಡುಗಿಯೊಬ್ಬಳು ಕೇಂದ್ರ ಮೀನುಗಾರಿಕಾ ಶಿಕ್ಷಣ ಸಂಸ್ಥೆ ವರ್ಸೋವಾದಲ್ಲೇ ಇದೆ ಎಂದು ಸಂಭ್ರಮದಿಂದ ಹೇಳಿದಳು. ಮಾಮ ಅವಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. “ವಿರಾರ್ ಫಾಸ್ಟಿನಲ್ಲಿ ಹತ್ತಿ ಅಂಧೇರಿಯಲ್ಲಿ ಇಳಿಯಲಿಕ್ಕೆ ಆಗ್ತದಾ ನಿನಗೆ?” ಹುಡುಗಿ ಈಗ ಬಿ.ಕಾಂ. ಮಾಡುತ್ತಿದ್ದಾಳೆ, ವಸಾಯಿಯಲ್ಲಿ.

ಮಾಮನ ಊರು ಕುಂದಾಪುರದ ಕಡೆ. ಅವರ ಕಾಲದ ಕರಾವಳಿ ಹುಡುಗರಿಗೆ ಹುಟ್ಟಾ ಬರುವ ಪ್ರತಿಭೆಗಳು ಎರಡೇ ಇದ್ದವು: ಬ್ಯಾಂಕು ಮತ್ತು ಹೋಟೆಲು. ಕೆನರಾ, ಕಾರ್ಪೊರೇಷನ್ ಎರಡೂ 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ಹುಟ್ಟಿದ್ದು ಆಗಿನ್ನೂ ಒಡೆಯದಿದ್ದ ದಕ್ಷಿಣ ಕನ್ನಡ ಎಂಬ ಒಂದೇ ಜಿಲ್ಲೆಯಲ್ಲಿ. ಇಷ್ಟು ಬ್ಯಾಂಕು ಹೆತ್ತ ಜಿಲ್ಲೆಯಲ್ಲಿ ಹುಡುಗನೊಬ್ಬ ತನ್ನ ಒಲವಿನ ಬಗ್ಗೆ ಯೋಚಿಸುವುದಕ್ಕೆ ಬಿಡುವೆಲ್ಲಿ? ಮಾಮ ಒಂದನ್ನು ಸೇರಿದರು. ಯಾವುದು ಎಂದು ಕೇಳಿದರೆ ಮೊದಲಿನಷ್ಟು ಜೋರಾಗಿ ಹೇಳುವುದಿಲ್ಲ. 2019ರ ಏಪ್ರಿಲ್ 1ಕ್ಕೆ ವಿಜಯಾ ಹೋಗಿ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ನಿನೊಳಗೆ. ತಾರೀಖು ಆರಿಸಿದವರ ಹಾಸ್ಯಪ್ರಜ್ಞೆ ದೊಡ್ಡದು. “ಬ್ಯಾಂಕಿಗೆ ಇನ್ನು ಸ್ಕೋಪ್ ಇಲ್ಲಾಂತ ನಾನು ಆಗಲೇ ಹೇಳಿದ್ದೆ” ಎಂದು ಮಾಮ ಈಗ ಹೇಳುತ್ತಾರೆ. ಆ ಮಾರ್ಚ್‌ವರೆಗೂ ಬ್ಯಾಂಕ್ ಪರೀಕ್ಷೆಯ ಅರ್ಜಿ ತಾವೇ ತಂದು ಹಂಚುತ್ತಿದ್ದರು.

ಒಲವು ಗಿಲವು ಎಂದು ಯಾರಾದರೂ ಬಾಯಿ ತೆರೆದರೆ ಮಾಮ ನೇರ ಮಾಟುಂಗಾ ಸ್ಟೇಷನ್ ಪಕ್ಕಕ್ಕೆ ಕರೆದುಕೊಂಡು ಹೋಗುತ್ತಾರೆ, ಮಾತಿನಲ್ಲಿ. ಕಾರ್ಕಳದ ಕಡೆಯಿಂದ ಬಂದ ರಾಮ ನಾಯಕರು ಅಡುಗೆಮನೆಯ ಚಾಕರಿಯಿಂದ ಶುರುಮಾಡಿ 1942ರಲ್ಲಿ ಅಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಇವತ್ತಿಗೂ ಅಲ್ಲಿ ಬಾಳೆಲೆ ಊಟಕ್ಕೆ ಜನ ಕಾಯುತ್ತಾರೆ. “ಅವರಿಗೆ ಯಾರು ಮಾರಾಯ ಆಪ್ಟಿಟ್ಯೂಡ್ ಟೆಸ್ಟ್ ಮಾಡಿದ್ದು?” ಹಗಲು ತಟ್ಟೆ ತೊಳೆದು ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಕೂತು ವಕೀಲರೂ ಆಫೀಸರರೂ ಆದವರ ಕಥೆಗಳೂ ಮಾಮನ ಹತ್ತಿರ ಬೇಕಾದಷ್ಟಿವೆ. ಆ ಕಥೆಗಳು ನಿಜ. ಆದರೆ ಆ ಹುಡುಗರಿಗೆ ತಟ್ಟೆ ತೊಳೆಯುವುದರಲ್ಲಿ ಒಲವಿರಲಿಲ್ಲ ಎಂಬುದಕ್ಕೇ ರಾತ್ರಿಶಾಲೆ ಸಾಕ್ಷಿ ಎಂದರೆ ಮಾಮ ಮೊಸರನ್ನ ಬಡಿಸಲು ತಿರುಗುತ್ತಾರೆ.

ಒಂದು ಸಲಹೆಯಲ್ಲಿ ಮಾತ್ರ ನನಗೆ ಅವರನ್ನು ಅಲ್ಲಗಳೆಯಲು ಆಗಿಲ್ಲ. ಕಥೆ ಬರೆಯುತ್ತೇನೆ, ಅದರಲ್ಲೇ ಮುಂದುವರಿಯಬೇಕು ಎಂದ ಮುಲುಂಡಿನ ಹುಡುಗಿಗೆ ಮಾಮ ಹೇಳಿದ್ದು: “ಹಾಗಾದರೆ ಕೆಮಿಸ್ಟ್ರಿ ತಗೋ.” ಎಲ್ಲರೂ ನಕ್ಕರು. ಮಾಮ ನಗಲಿಲ್ಲ, ಬೆರಳು ಮಡಚಿದರು. ಉಡುಪಿಯ ಎಂ.ವಿ. ಕಾಮತರು ಕೆಮಿಸ್ಟ್ ಕೆಲಸ ಬಿಟ್ಟು 1946ರಲ್ಲಿ ಫ್ರೀ ಪ್ರೆಸ್ ಜರ್ನಲ್ ಸೇರಿದವರು. ಯಶವಂತ ಚಿತ್ತಾಲರು ಹಗಲೆಲ್ಲ ಪ್ಲಾಸ್ಟಿಕ್ ರಾಳದ ಕಂಪೆನಿಯಲ್ಲಿದ್ದು 1979ರಲ್ಲಿ ‘ಶಿಕಾರಿ’ ಕೊಟ್ಟವರು. ಜಯಂತ ಕಾಯ್ಕಿಣಿ ಇಲ್ಲಿ ಔಷಧದ ಕಂಪೆನಿಯಲ್ಲಿ ಕೆಮಿಸ್ಟ್ ಆಗಿದ್ದವರು. ನಾನು ಮನೆಗೆ ಬಂದು ತುಂಬ ಯೋಚಿಸಿದೆ. ಕಂಪೆನಿಯೊಳಗಿನ ಪಿತೂರಿಯನ್ನು ಚಿತ್ತಾಲರಂತೆ ಬರೆಯಲು ಕಂಪೆನಿಯ ಕುರ್ಚಿಯೂ ಬೇಕಿತ್ತೇನೋ. ಹುಡುಗಿ ಕೆಮಿಸ್ಟ್ರಿ ತೆಗೆದುಕೊಂಡಳೆಂದೂ ಬರೆಯುವುದನ್ನು ನಿಲ್ಲಿಸಿದಳೆಂದೂ ಕೇಳಿದ್ದೇನೆ. ಮಾಮನ ಸೂತ್ರ ಎರಡೂ ಕಡೆಯಿಂದ ಕೆಲಸ ಮಾಡುವುದಿಲ್ಲ.

ಮಾಮನಿಗೆ ಪೈಪೋಟಿಯೂ ಬಂತು. 2016ರಲ್ಲಿ ಮಹಾರಾಷ್ಟ್ರ ಸರಕಾರ ಹತ್ತನೆಯವರಿಗೆ ‘ಕಲ್ ಚಾಚಣಿ’ ಎಂಬ ಒಲವಿನ ಪರೀಕ್ಷೆ ಶುರುಮಾಡಿತು. ಭಾಂಡುಪಿನ ಹುಡುಗನೊಬ್ಬನಿಗೆ ಸಮವಸ್ತ್ರದ ಸೇವೆ ಎಂದು ಬಂತು. “ಹೋಟೆಲಿನಲ್ಲೂ ಯೂನಿಫಾರಂ ಉಂಟಲ್ಲ” ಎಂದರು ಮಾಮ. ಆಮೇಲೆ ಹತ್ತು ಬೆರಳಿನ ಗುರುತು ತೆಗೆದು ಮಗುವಿನ ಬುದ್ಧಿಯ ನಕ್ಷೆ ಬರೆದುಕೊಡುವವರು ಬಂದರು. ಅದಕ್ಕೆ ವಿಜ್ಞಾನದ ಆಧಾರ ಇಲ್ಲವೆಂದು ಮನೋವೈದ್ಯರು ಹೇಳುತ್ತಲೇ ಇದ್ದಾರೆ, ತಾಯ್ತಂದೆಯರು ಸಾವಿರಗಟ್ಟಲೆ ಕೊಡುತ್ತಲೇ ಇದ್ದಾರೆ. ಮಾಮನಿಗೆ ಕೋಪ ಬಂದದ್ದು ವಿಜ್ಞಾನಕ್ಕಲ್ಲ, ದುಡ್ಡಿಗೆ. “ಪೊಲೀಸ್ ಸ್ಟೇಷನಿನಲ್ಲಿ ಪುಕ್ಕಟೆ ತೆಗೀತಾರೆ!”

ಮೊನ್ನೆ ಮಾಟುಂಗಾದ ಸಮಾರಂಭ ಮುಗಿಸಿ ಎಂಬತ್ತೊಂಬತ್ತು ಪರ್ಸೆಂಟಿನ ಹುಡುಗ, ಮಾಮ, ನಾನು ಒಂದೇ ಸ್ಲೋ ಗಾಡಿ ಹತ್ತಿದೆವು. ಭಾನುವಾರದ ಮೆಗಾ ಬ್ಲಾಕ್ ಆಗಷ್ಟೇ ಮುಗಿದಿತ್ತು, ಡಬ್ಬಿ ಉಪ್ಪಿನಕಾಯಿ ಭರಣಿಯ ಹಾಗೆ ತುಂಬಿತ್ತು. ಮಾಮ ಸೀಟುಗಳ ಸಾಲಿಗೆ ಒಮ್ಮೆ ಕಣ್ಣು ಹಾಯಿಸಿ ಒಬ್ಬನ ಮುಂದೆ ಹೋಗಿ ನಿಂತರು. “ಇವ ಘಾಟ್‌ಕೋಪರ್.”

ಹುಡುಗ ನಂಬಲಿಲ್ಲ. ಮಾಮ ತಗ್ಗಿದ ದನಿಯಲ್ಲಿ ವಿವರಿಸತೊಡಗಿದರು. ಅವನ ಚೀಲ ರ‍್ಯಾಕಿನಲ್ಲಿಲ್ಲ, ಮಡಿಲಲ್ಲಿದೆ, ಅದರ ಪಟ್ಟಿ ಆಗಲೇ ಮಣಿಕಟ್ಟಿಗೆ ಸುತ್ತಿದೆ. ಕಿಟಕಿ ಬದಿಯವ ಚಪ್ಪಲಿ ಕಳಚಿ ಕೂತಿದ್ದಾನೆ, ಅವನು ಕಲ್ಯಾಣದವರೆಗೆ ಅಲ್ಲಾಡುವುದಿಲ್ಲ. ಮೂರನೇ ಸೀಟಿನವ ನಿದ್ದೆ ಮಾಡುತ್ತಿಲ್ಲ, ಕಣ್ಣು ಮುಚ್ಚಿದ್ದಾನೆ. ನಾಲ್ಕನೆಯವರು ಯಾರಾದರೂ ಸರಿಯಲು ಹೇಳಿಯಾರೆಂಬ ಭಯ. ಬಾಗಿಲ ಹತ್ತಿರದವ ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದಾನೆ, ಫೋನು ಮೂರು ಸಲ ತೆಗೆದ, ಒಮ್ಮೆಯೂ ಒತ್ತಲಿಲ್ಲ. ಮೂವತ್ತು ವರ್ಷದ ಲೋಕಲ್ ಪ್ರಯಾಣದ ವಿದ್ಯೆ. ಸಯನ್‌ನಿಂದ ವಿದ್ಯಾವಿಹಾರದ ತನಕ ಮಾಮ ಪರ್ಸೆಂಟ್ ಎಂಬ ಮಾತೇ ಎತ್ತಲಿಲ್ಲ. ಹುಡುಗ ಬಾಯಿ ತೆರೆದುಕೊಂಡು ಕೇಳುತ್ತ ನಿಂತ.

ಘಾಟ್‌ಕೋಪರ್ ಬಂತು. ಚೀಲದವ ಎದ್ದ.

“ಮಾಮ, ನನಗೆ ಸೈಕಾಲಜಿ ಓದಬೇಕೂಂತ ಉಂಟು” ಎಂದ ಹುಡುಗ, ಅಷ್ಟರಲ್ಲೇ ಧೈರ್ಯ ಮಾಡಿ.

ಮಾಮ ಖಾಲಿಯಾದ ಸೀಟಿನಲ್ಲಿ ಕೂತು, ಪಂಚೆ ಸರಿಪಡಿಸಿಕೊಂಡು ಹುಡುಗನನ್ನು ನೋಡಿದರು. “ಜನರ ಮುಖ ನೋಡ್ತಾ ಕೂತರೆ ಸಂಬಳ ಯಾರು ಕೊಡ್ತಾರೆ ಮಾರಾಯ? ಸಿಎ ಮಾಡು.”