ಶ್ರೀ ಸೇವ್ ಸ್ವಾಮಿ ಪ್ರಸನ್ನ

ತಾಲೂಕು ಕಚೇರಿಯ ಎದುರು, ಝೆರಾಕ್ಸ್ ಅಂಗಡಿಗೂ ಬಾಂಡ್ ಪೇಪರ್ ಮಾರುವವರಿಗೂ ನಡುವೆ ಸಿಕ್ಕಿಕೊಂಡ ಮಳಿಗೆಯಲ್ಲಿ ಇವರು ಸಿಗುತ್ತಾರೆ. ‘ಡಿಟಿಪಿ, ಲಗ್ನಪತ್ರಿಕೆ, ಫ್ಲೆಕ್ಸ್, ಲ್ಯಾಮಿನೇಷನ್’ ಎಂದು ಬೋರ್ಡು. ಒಳಗೆ ಆಯುಧಪೂಜೆಯ ಕುಂಕುಮ ಇನ್ನೂ ಮಾಸದ ಮಾನಿಟರು, ಕೆನೆಗಟ್ಟಿದ ಚಹಾ, ಅಕ್ಷರ ಸವೆದ ಕೀಬೋರ್ಡು. ಎಲ್ಲಕ್ಕಿಂತ ಮೊದಲು ಸವೆದದ್ದು ಎಸ್ ಕೀಲಿ. ಊರವರು ಏನೆಂದು ಕರೆದರೂ ನನ್ನ ಪಾಲಿಗೆ ಇವರು ಸೇವ್ ಸ್ವಾಮಿ.

ಹೊಸ ಫೈಲು ಶುರುಮಾಡುವುದೆಂದರೆ ಸ್ವಾಮಿಗೆ ಮಡಿ ಕೆಟ್ಟಂತೆ. ಗೃಹಪ್ರವೇಶದ ಕಾರ್ಡು ಕೇಳಿದರೆ, ಯಾರದೋ ಹಳೆಯ ಗೃಹಪ್ರವೇಶವನ್ನು ಕೋರಲ್‌ಡ್ರಾದಲ್ಲಿ ತೆರೆದು, ಆ ಮನೆ ಯಜಮಾನನನ್ನು ಹೊರಗೆ ಹಾಕಿ ನಿಮ್ಮನ್ನು ಒಳಗೆ ಕೂರಿಸುತ್ತಾರೆ. ಕೂರಿಸಿದ ತಕ್ಷಣ ಕಂಟ್ರೋಲ್ ಎಸ್. ಕೆಮ್ಮು ಬಂದರೆ ಕಂಟ್ರೋಲ್ ಎಸ್, ಫೋನು ಬಂದರೆ ಕಂಟ್ರೋಲ್ ಎಸ್. ಅದೇ ಹೆಸರಿನಲ್ಲಿ, ಅದೇ ಜಾಗದಲ್ಲಿ. ಉಳಿದಂತೆ ಗುಣವಂತರು. ಪುಢಾರಿಗಳನ್ನು ಕೇಳದೆಯೇ ಬೆಳ್ಳಗಾಗಿಸುತ್ತಾರೆ, ‘ಸಂಜೆ ಬನ್ನಿ ಸಾರ್’ ಎಂದು ಯಾವ ದಿನದ ಸಂಜೆ ಎಂದು ಹೇಳದೆ ಕಳಿಸುತ್ತಾರೆ.

ನನ್ನ ತಂಗಿಯ ಮಗಳ ಮದುವೆಗೆ ಲಗ್ನಪತ್ರಿಕೆ ಸಾಲದೆ ಬಂತು. ನಿವೃತ್ತನಾದ ಮೇಲೆ ನನಗೆ ಕರೆಯುವ ಚಟ ಹತ್ತಿದೆ. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಬಿಟ್ಟಿರಲಿಲ್ಲ. ‘ಇನ್ನೊಂದು ನೂರು ಹೊಡೆಸಿಕೊಡಿ ಸ್ವಾಮಿ’ ಎಂದೆ. ‘ಫೈಲ್ ಇದೆಯಲ್ಲ ಸಾರ್, ಎರಡೇ ನಿಮಿಷ’ ಎಂದು ತೆರೆದರು. ವಧು ನಮ್ಮವಳಲ್ಲ. ವರನನ್ನು ನಾವು ಕಂಡವರಲ್ಲ. ಶ್ರೀ ವೆಂಕಟರಮಣ ಪ್ರಸನ್ನನಾಗಿದ್ದಲ್ಲಿ ಶ್ರೀ ಮಂಜುನಾಥ ಪ್ರಸನ್ನನಾಗಿದ್ದ. ನಮ್ಮ ಪತ್ರಿಕೆಯ ಮೇಲೆಯೇ ಸ್ವಾಮಿ ಇನ್ನೊಂದು ಮದುವೆ ಮುಗಿಸಿದ್ದರು.

ಪೂರ್ತಿ ಮುಗಿಸಿದ್ದರೆ ದುಃಖವಿರಲಿಲ್ಲ. ಕೆಳಗಡೆ ನಮ್ಮ ಮನೆಯ ಚಿಳ್ಳೆಪಿಳ್ಳೆಗಳು ಹೆಸರುಸಮೇತ ನಿಂತು, ಆ ಅಪರಿಚಿತೆಯನ್ನು ‘ನಮ್ಮ ಚಿಕ್ಕಮ್ಮ’ ಎಂದು ಕರೆದು, ಮದುವೆಗೆ ತಪ್ಪದೇ ಬನ್ನಿ ಎನ್ನುತ್ತಿದ್ದವು. ಜೊತೆಗೆ ನಮ್ಮ ಭಾವನವರು ಹಟ ಹಿಡಿದು ಹಾಕಿಸಿದ್ದ ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲು. ಆ ಪತ್ರಿಕೆಗಳು ಆಗಲೇ ಊರೂರು ಹಂಚಿಹೋಗಿದ್ದವು. ಮುಯ್ಯಿಯ ಲೆಕ್ಕ ಬರೆಯಲು ನೋಟ್‌ಬುಕ್ಕು ಹಿಡಿದು ಕೂತ ಆ ಬೀಗರ ಗತಿ ನೆನೆದರೆ ಈಗಲೂ ನಗಬೇಕೋ ಅಳಬೇಕೋ ತಿಳಿಯದು.

ಉದ್ಧಾರಕಾರ್ಯ ಶುರುವಾಯಿತು. ಸ್ವಾಮಿ ಕಂಟ್ರೋಲ್ ಝಡ್ ಒತ್ತಿದರು. ಫೈಲು ಮುಚ್ಚಿದೊಡನೆ ಆ ಹಿಂದಿನ ಹೆಜ್ಜೆಗಳ ಲೆಕ್ಕವೂ ಹೋಗಿರುತ್ತದೆ. ನಾನು ಕನ್ನಡಕ ಏರಿಸಿ ‘ರಿಸೈಕಲ್ ಬಿನ್ ನೋಡಿ’ ಎಂದು ನನಗೆ ಗೊತ್ತಿರುವ ಏಕೈಕ ಮಂತ್ರ ಹೇಳಿದೆ. ಡಿಲೀಟ್ ಆದದ್ದು ಅಲ್ಲಿಗೆ ಹೋಗುತ್ತದೆ, ಅದರ ಮೇಲೆಯೇ ಸೇವ್ ಆದದ್ದು ಹೋಗುವುದಿಲ್ಲ. ರಿಕವರಿ ಸಾಫ್ಟ್‌ವೇರ್ ಒಂದನ್ನು ಸ್ವಾಮಿ ಅದೇ ಡಿಸ್ಕಿಗೆ ಇಳಿಸಹೊರಟಾಗ, ಜೊತೆಗೆ ಬಂದಿದ್ದ ನನ್ನ ಅಳಿಯ ಮೌಸ್ ಕಿತ್ತುಕೊಂಡ: ಹಳೆಯ ಪ್ರತಿಯ ಚೂರು ಡಿಸ್ಕಿನಲ್ಲಿ ಎಲ್ಲಾದರೂ ಉಳಿದಿದ್ದರೆ, ಹೊಸದಾಗಿ ಇಳಿದದ್ದು ಹೋಗಿ ಅದರ ಮೇಲೆಯೇ ಕೂರಬಹುದು! ವಿಂಡೋಸಿನ ‘ಪ್ರೀವಿಯಸ್ ವರ್ಷನ್ಸ್’ ನೋಡಿದರೆ ಖಾಲಿ. ‘ಸಿಸ್ಟಂ ಸ್ಲೋ ಆಗ್ತದೆ ಅಂತ ಅದನ್ನೆಲ್ಲ ಆಫ್ ಮಾಡ್ಸಿದೀನಿ ಸಾರ್.’

ಕೋರಲ್‌ಡ್ರಾ ತಯಾರಿಸಿದವರು ಇಂಥವರನ್ನು ಕಂಡೇ ಇರಬೇಕು. ಸೇವ್ ಮಾಡಿದಾಗ ಅದಕ್ಕೂ ಮುಂಚಿನ ಪ್ರತಿಯನ್ನು ಅದು ‘ಬ್ಯಾಕಪ್ ಆಫ್’ ಎಂಬ ಹೆಸರು ಅಂಟಿಸಿ ಪಕ್ಕಕ್ಕಿಡುತ್ತದೆ. ಆದರೆ ಒಂದೇ ತಲೆಮಾರು. ಇನ್ನೊಮ್ಮೆ ಸೇವ್ ಒತ್ತಿದರೆ ಆ ಬ್ಯಾಕಪ್ಪೂ ಬದಲು. ಸ್ವಾಮಿ ಹೆಸರಿಗೊಮ್ಮೆ, ಗೋತ್ರಕ್ಕೊಮ್ಮೆ ಒತ್ತಿದ್ದರಿಂದ ಬ್ಯಾಕಪ್ಪಿನಲ್ಲೂ ಮಂಜುನಾಥನೇ ಪ್ರಸನ್ನನಾಗಿದ್ದ.

ಕೊನೆಗೆ ನಮ್ಮ ಮದುವೆ ಸಿಕ್ಕಿದ್ದು ಸ್ವಾಮಿಯ ಮೇಲ್‌ನಲ್ಲಿ. ಆಫ್‌ಸೆಟ್ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇವರ ಫಾಂಟು ಇಲ್ಲದಿದ್ದರೆ ಕನ್ನಡ ಕಲಸುಮೇಲೋಗರವಾಗುತ್ತದೆಂದು ಅಕ್ಷರಗಳನ್ನೆಲ್ಲ ಕರ್ವ್ ಮಾಡಿ, ಎಂದರೆ ಬರೀ ಗೆರೆಗಳಾಗಿಸಿ, ಪಿಡಿಎಫ್ ಕಳಿಸಿದ್ದರು. ಅದರಲ್ಲಿ ಅಕ್ಷರ ತಿದ್ದಲಾಗದು, ಅಚ್ಚು ಹಾಕಬಹುದು. ನಮಗೆ ಬೇಕಾದದ್ದೂ ಅಷ್ಟೇ.

ಅಳಿಯ ಅಲ್ಲಿಗೆ ಬಿಡಬಹುದಿತ್ತು. 1998ರಲ್ಲಿ ಪಿಕ್ಸಾರ್‌ನಲ್ಲಿ ‘ಟಾಯ್ ಸ್ಟೋರಿ 2’ ಅನಿಮೇಷನ್ ಚಿತ್ರ ತಯಾರಾಗುತ್ತಿದ್ದಾಗ ಒಂದು ತಪ್ಪು ಕಮಾಂಡಿಗೆ ಚಿತ್ರದ ಬಹುಪಾಲು ಅಳಿಸಿಹೋಗಿ, ಬ್ಯಾಕಪ್ಪೂ ಕೈಕೊಟ್ಟು, ಬಾಣಂತಿಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಕಾಪಾಡಿದ ಕಥೆ ಹೇಳಿಬಿಟ್ಟ. ಪ್ರತಿ ಇನ್ನೊಂದು ಕಡೆಯೂ ಇರಬೇಕು ಎಂಬುದು ಅವನು ಹೇಳಹೊರಟ ನೀತಿ. ಸ್ವಾಮಿ ಎತ್ತಿಕೊಂಡ ನೀತಿಯೇ ಬೇರೆ. ಈಗ ಯಾವ ಗಿರಾಕಿ ರೇಗಿದರೂ ‘ಹಾಲಿವುಡ್‌ನವರಿಗೇ ಆಗಿದೆ ಸಾರ್’ ಎನ್ನುತ್ತಾರೆ.

ಆದರೂ ಬೈಯಲು ಬಾಯಿ ಬರುವುದಿಲ್ಲ. ಇವರು ಅಚ್ಚುಮೊಳೆ ಜೋಡಿಸುವ ಪ್ರೆಸ್ಸಿನಲ್ಲಿ ಕೆಲಸ ಕಲಿತವರು. ಅಲ್ಲಿ ಅಚ್ಚು ಮುಗಿದ ಮೇಲೆ ಪುಟ ಬಿಚ್ಚಿ ಮೊಳೆಗಳನ್ನು ಅವುಗಳ ಖಾನೆಗಳಿಗೆ ವಾಪಸು ಹಾಕುವುದೇ ಶಿಸ್ತು. ಇಂದಿನ ಮದುವೆಯ ಮೊಳೆಯಲ್ಲೇ ನಾಳೆಯ ವೈಕುಂಠ ಸಮಾರಾಧನೆ. ಕಂಪ್ಯೂಟರ್ ಬಂದ ಮೇಲೆ ಲೋಡ್ ಶೆಡ್ಡಿಂಗು ಇವರ ಎಷ್ಟೋ ರಾತ್ರಿಗಳ ಕೆಲಸವನ್ನು ನುಂಗಿತು. ಕರೆಂಟಿನ ಆ ಭಯವೇ ಬೆರಳಿಗಿಳಿದು ಕಂಟ್ರೋಲ್ ಎಸ್ ಆಗಿದೆ. ಅರ್ಧ ಊರಿನ ಗೋತ್ರ, ಒತ್ತಕ್ಷರ, ಸತ್ತವರ ತಿಥಿ ಇವರ ತಲೆಯಲ್ಲಿದೆ. ತಲೆಗೆ ಮಾತ್ರ ಬ್ಯಾಕಪ್ ಇಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮೂರಿನ ಸ್ವಾಮಿಯನ್ನು ತಿದ್ದಲು ಹೋಗಬೇಡಿ. ಹಳೆಯ ಫೈಲು ತೆರೆದೊಡನೆ, ಒಂದಕ್ಷರ ಮುಟ್ಟುವ ಮೊದಲೇ, ‘ಕಂಟ್ರೋಲ್ ಜೊತೆ ಶಿಫ್ಟೂ ಒತ್ತಿ ಎಸ್ ಒತ್ತಿ, ಬೇರೆ ಹೆಸರು ಕೊಡಿ ಸ್ವಾಮಿ’ ಎಂದು ವಿನಯದಿಂದ ಹೇಳಿ. ಕೆಲಸ ಮುಗಿದ ಮೇಲೆ ಪಿಡಿಎಫ್ ಒಂದನ್ನು ನಿಮ್ಮ ಫೋನಿಗೆ ಹಾಕಿಸಿಕೊಳ್ಳಿ. ಅಚ್ಚಿಗೆ ಕೊಡುವ ಮುನ್ನ ಕೆಳಗಿನ ಚಿಳ್ಳೆಪಿಳ್ಳೆಗಳು ನಿಮ್ಮವೇ ಹೌದೋ ನೋಡಿಕೊಳ್ಳಿ.